ಗ್ರಹಣದ ದಿನದ ಬಲೂನು

ಗುರುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ನಿಮ್ಮ ತಮ್ಮ ಕ್ಷೇಮವಾಗಿದ್ದಾರೆ. ಮೊದಲು ಇದನ್ನೇ ಬರೆಯುತ್ತಿದ್ದೇನೆ, ಏಕೆಂದರೆ ಪತ್ರಿಕೆಯ ಸುದ್ದಿ ನಿಮ್ಮ ಕಣ್ಣಿಗೂ ಬಿದ್ದಿರುತ್ತದೆ. ಬಲೂನಿನಲ್ಲಿ ವಿಜ್ಞಾನಿ ಎಚ್ಚರ ತಪ್ಪಿದರೆಂದು ದಪ್ಪಕ್ಷರದಲ್ಲಿ ಹಾಕಿದ್ದಾರೆ. ಸುಳ್ಳಲ್ಲ. ಆದರೆ ಅವರು ಬರೆದಷ್ಟು ಹೊತ್ತೂ ಅಲ್ಲ.

ಗಾಳಿಯಲ್ಲಿ ಸದಾ ಇರುವ ಒಂದು ಕಾಣದ ಕಿರಣದ ಬೆನ್ನು ನಿಮ್ಮ ತಮ್ಮ ಹತ್ತಿದ್ದಾರಲ್ಲ, ಅದು ನೆಲದೊಳಗಿನ ಕಲ್ಲುಗಳಿಂದ ಬರುತ್ತದೆಂದು ಎಲ್ಲರ ನಂಬಿಕೆ. ಹಾಗಿದ್ದರೆ ಮೇಲೇರಿದಂತೆ ಕಡಿಮೆಯಾಗಬೇಕು. ಅವರ ಹಿತ್ತಾಳೆ ಡಬ್ಬಿಯೊಳಗೆ ಎರಡು ಸಣ್ಣ ಎಳೆಗಳಿವೆ. ವಿದ್ಯುತ್ ತುಂಬಿದರೆ ದೂರ ಸರಿದು ನಿಲ್ಲುತ್ತವೆ, ಕಿರಣ ತಾಗಿದಂತೆ ಮೆಲ್ಲಗೆ ಕೂಡಿಕೊಳ್ಳುತ್ತವೆ. ಮೋಡ ದಾಟಿದ ಮೇಲೆ ನಿಧಾನವಾಗುವ ಬದಲು ಇನ್ನೂ ಬೇಗ ಕೂಡಿಕೊಂಡವಂತೆ. "ಇದು ಮೇಲಿಂದ ಬರ್ತಿದೆ!" ಎಂದು ಕೂಗಿದವರೇ ಬುಟ್ಟಿಯೊಳಗೆ ಕುಸಿದರಂತೆ. ಬಲೂನು ನಡೆಸುವವನು ತಕ್ಷಣ ಅನಿಲ ಬಿಟ್ಟು ಇಳಿಸದಿದ್ದರೆ... ಬೇಡ ಬಿಡಿ.

ಈಗ ಊರೆಲ್ಲ ನಗು. ಚಳಿಗೆ ಡಬ್ಬಿಯ ವಿದ್ಯುತ್ ಸೋರಿ ಎಳೆಗಳು ಕೂಡಿರಬೇಕು, ಉಸಿರುಗಟ್ಟಿದವನಿಗೆ ಏನು ಬೇಕಾದರೂ ಕಂಡೀತು ಎನ್ನುತ್ತಾರೆ. ಕಾಲೇಜಿನ ಮುಖ್ಯಸ್ಥರು ಮನೆಗೇ ಬಂದು, ಕೂರದೆ, "ಇನ್ನೊಂದೇ ಸಲ. ಆಮೇಲೆ ಪ್ರಯೋಗಾಲಯಕ್ಕೆ ಬೀಗ ಹಾಕ್ಬೇಕಾಗುತ್ತೆ" ಎಂದು ಹೇಳಿಹೋದರು. ನಾಳೆ ಗ್ರಹಣ. ಕಿರಣ ಸೂರ್ಯನದೇ ಆಗಿದ್ದರೆ ಸೂರ್ಯ ಮರೆಯಾದಾಗ ಕುಗ್ಗಬೇಕು. ಹಾಗಾಗಿ ನಾಳೆಯೇ ಹಾರಬೇಕು.

ಹೆದರಬೇಡಿ, ನಿಮ್ಮ ತಮ್ಮ ಹೋಗುವುದಿಲ್ಲ. "ಇನ್ನೊಮ್ಮೆ ಮೇಲೆ ಹೋದ್ರೆ ಕೆಳಗೆ ಹೆಣ ಬರುತ್ತೆ" ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಾರೆ. ಬೇರೊಬ್ಬರು ಸಿಕ್ಕಿದ್ದಾರೆ. ಹಗುರ ಮೈ, ಎಳೆಗಳನ್ನು ನೋಡಿ ಅಳೆಯಲು ಚೆನ್ನಾಗಿ ಬರುತ್ತದೆ. ನಿಮ್ಮ ತಮ್ಮ ಮೊದಲು ಒಪ್ಪಲೇ ಇಲ್ಲ. ಊಟ ಬಿಟ್ಟು ಮುಖ ತಿರುಗಿಸಿ ಕೂತರು. ಕೊನೆಗೆ ಈ ಬೆಳಿಗ್ಗೆ ತಮ್ಮ ತುಪ್ಪಳದ ಕೋಟನ್ನು ತಂದು ಕುರ್ಚಿಯ ಮೇಲಿಟ್ಟರು.

ಒಲೆಯ ಮೇಲಿನ ಹಾಲು ಕಣ್ಣೆದುರೇ ಉಕ್ಕಿಹೋಯಿತು. ಕಿಟಕಿಯಿಂದ ಬಲೂನಿಗೆ ಅನಿಲ ತುಂಬುವ ಕಾರ್ಖಾನೆಯ ಅಂಗಳ ಕಾಣುತ್ತದೆ. ಬಲೂನಿನ ಬಟ್ಟೆ ಹರಡಿ ಹೊಲಿಗೆ ತಡವಿ ನೋಡುತ್ತಿದ್ದಾರೆ. ಯಾರಾದರೂ ಬಗ್ಗಿದರೆ ಸಾಕು, ತೂತು ಸಿಕ್ಕಿತೇನೋ ಎಂದು ಗಾಜಿಗೆ ಮುಖ ಒತ್ತಿ ನೋಡುತ್ತೇನೆ.

ಯಾಕೋ ನಿಮ್ಮನ್ನು ನೋಡಬೇಕೆನಿಸುತ್ತಿದೆ.

ನಿಮ್ಮ ತಮ್ಮನ ಹೆಂಡತಿ,
ನಿಮಗೆ ತಂಗಿಯೇ ಆದವಳು

ಮತ್ತೆ, ಶನಿವಾರ: ಇದನ್ನು ಅಂಚೆಗೆ ಹಾಕಲು ಧೈರ್ಯ ಬರಲಿಲ್ಲ. ಹೋದವಳು ನಾನೇ, ಅಕ್ಕ. ಗೊತ್ತಾಗಿದ್ದರೆ ನೀವು ಮೊದಲ ರೈಲಿಗೇ ಬಂದು ನನ್ನನ್ನು ಕೋಣೆಯಲ್ಲಿ ಕೂಡಿಹಾಕುತ್ತಿದ್ದಿರಿ. ಮೇಲೆ ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದವು. ಕಣ್ರೆಪ್ಪೆಗೆ ಮಂಜು ಕಟ್ಟಿತ್ತು. ಸೂರ್ಯ ಮುಕ್ಕಾಲು ಪಾಲು ಮರೆಯಾದರೂ ಎಳೆಗಳು ಒಂದಿಷ್ಟೂ ನಿಧಾನಿಸಲಿಲ್ಲ. ಆ ಕಿರಣ ಸೂರ್ಯನದಲ್ಲ. ಅದಕ್ಕೂ ಆಚೆ ಎಲ್ಲಿಂದಲೋ ಬರುತ್ತಿದೆ.

ಎಲೆಕೋಸಿನ ಹೊಲದಲ್ಲಿ ಇಳಿದೆವು. ನಿಮ್ಮ ತಮ್ಮ ಬಲೂನನ್ನು ಹಿಂಬಾಲಿಸಿ ಬಂದ ಗಾಡಿಯಿಂದ ಧುಮುಕಿ, ಕೋಸು ತುಳಿದುಕೊಂಡೇ ಓಡಿ ಬಂದು, "ಉಸಿರಾಡೋಕಾಗ್ತಿದ್ಯಾ? ಏನಾದ್ರೂ ಮಾತಾಡೇ!" ಎಂದು ನನ್ನನ್ನು ಅಲುಗಾಡಿಸಿದರು. ಅಂಕಿಗಳನ್ನು ಕೇಳಲೇ ಇಲ್ಲ. ನಾನಾಗಿಯೇ ಹೇಳಿದೆ. ಇಬ್ಬರೂ ಅಲ್ಲೇ ಕೂತು ಅತ್ತೆವು. ಹೊಲದ ಯಜಮಾನ ಬೈಯುತ್ತಲೇ ಇದ್ದ.

ಮುಖ್ಯಸ್ಥರು ನಿನ್ನೆ ಸಂಜೆ ಬಂದಿದ್ದರು. ಈ ಸಲ ಕೂತರು. ಇನ್ನೂ ಎತ್ತರಕ್ಕೆ ಹೋಗುತ್ತೀರಾ ಎಂದು ಕೇಳಿದರು. ನಾನು ಹೂಂ ಅಂದಿದ್ದೇನೆ. ನಿಮ್ಮ ತಮ್ಮ ಆಗ ಒಳಗೆ ನಿದ್ದೆ ಮಾಡುತ್ತಿದ್ದರು. ಅವರಿಗೆ ಇನ್ನೂ ಹೇಳಿಲ್ಲ.