ಚಂಪವ್ವನ ದನಿ ಮತ್ತು ದಂಡೆಯ ಕೂಡುಶಾಲೆ

ಮಲಪ್ರಭೆಯ ದಂಡೆ,
ಕಾರ್ತಿಕ ಮೂವತ್ತನಾಲ್ಕು, ಇಸವಿ ೨೧೮೭

ನಮಗಿಂತ ಬಹಳ ಹಿಂದೆ ಬದುಕುತ್ತಿರುವ ಹಿರಿಯರಿಗೆ ಶಾಹೀನ್ ನದಾಫಳ ಸಲಾಮು.

ತಾರೀಖು ನೋಡಿ ಕೈತಪ್ಪು ಎಂದುಕೊಳ್ಳಬೇಡಿ. ಋತುಗಳು ಜರುಗಿಹೋದ ಮೇಲೆ ನಾವು ತಿಂಗಳುಗಳನ್ನೂ ಹಿಗ್ಗಿಸಿಕೊಂಡಿದ್ದೇವೆ. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಬಹುದು. ಮನ್ನಿಸಿ, ಬಂದಲ್ಲಿ ಬಿಡಿಸಿ ಹೇಳುತ್ತೇನೆ. ನಿಮ್ಮ ಕಾಲದ ವಿಶ್ವವಿದ್ಯಾಲಯಗಳು ನಾಟಕದವರು, ಸಿನಿಮಾದವರು, ನೇಕಾರರು, ಹಾಡುಗಾರರ ಜೊತೆ ಕೈಜೋಡಿಸಲು ಶುರುಮಾಡಿದ್ದವು ಎಂದು ಓದಿದ್ದೇನೆ. ಅಂಥದೇ ಒಂದು ಒಪ್ಪಂದದ ದಿನ ನಮ್ಮಲ್ಲಿ ನಡೆದದ್ದನ್ನು ನಿಮಗೆ ಹೇಳಬೇಕಾಗಿದೆ.

ನಾನು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ದನಿಮನೆಯ ಮುಖ್ಯಸ್ಥೆ. ದನಿಮನೆ ಎಂದರೆ ಮನುಷ್ಯರ ಸ್ವರಗಳನ್ನು ಕಾಪಿಡುವ ಜಾಗ. ಒಬ್ಬರು ಅಲ್ಲಿ ಕೂತು ಕೆಲವು ದಿನ ಮಾತಾಡಿ, ಹಾಡಿ, ನಕ್ಕು ಹೋದರೆ ಅವರ ‘ಮರುದನಿ’ ತಯಾರಾಗುತ್ತದೆ. ಆಮೇಲೆ ಅವರು ಎಂದೂ ಆಡದ ಮಾತನ್ನೂ ಅದು ಅವರಂತೆಯೇ ಆಡಬಲ್ಲದು. ನಮ್ಮ ಜನ ಬಿಸಿಲಿಗೆ ಹೆದರಿ ಹಗಲೆಲ್ಲ ಮನೆಯೊಳಗಿರುತ್ತಾರೆ. ಪಾಠಗಳು ನಸುಕಿನಲ್ಲಿ ನಡೆದು, ಹೊತ್ತು ಏರುತ್ತಲೇ ನಿಂತು, ಸಂಜೆ ಮತ್ತೆ ಶುರುವಾಗುತ್ತವೆ. ಮನರಂಜನೆಯೆಲ್ಲ ಗೋಡೆಯ ಪರದೆಯ ಮೇಲೆ, ಮರುದನಿಗಳ ಬಾಯಲ್ಲಿ. ಅಪರಿಚಿತರೊಬ್ಬರು ಎದುರಿಗೆ ನಿಂತು ಗಂಟಲೆತ್ತಿ ಹಾಡುವುದನ್ನು ಕೇಳಿಯೇ ಇರದ ಮಕ್ಕಳು ನನ್ನ ತರಗತಿಗೆ ಬರುತ್ತಿದ್ದರು.

ಅಂಥ ಕಾಲದಲ್ಲೂ ಊರೂರು ತಿರುಗುತ್ತಿದ್ದದ್ದು ಹೊಂಬೆಳಕು ನಾಟಕ ಕಂಪನಿ. ಅವರ ಡೇರೆ ಬಿಸಿಲುಬಟ್ಟೆಯದು; ಹಗಲು ಬಿಸಿಲು ಕುಡಿದು ಸಂಜೆ ಅದೇ ಬೆಳಕನ್ನು ರಂಗಕ್ಕೆ ಕೊಡುತ್ತದೆ. ಒಡತಿ ಚಂಪವ್ವ ಗುಳೇದಗುಡ್ಡ, ನಾಟಕದ ಹುಚ್ಚಿಗೆ ಬಿದ್ದು ಕಾನೂನು ಓದನ್ನು ಅರ್ಧಕ್ಕೆ ಬಿಟ್ಟವಳು. ಅವಳಿಗೆ ಹೆಸರು ತಂದದ್ದು ಅವಳ ನಗು. ಗಂಡನನ್ನು ಕಳೆದುಕೊಂಡ ರಾಣಿಯ ಪಾತ್ರದಲ್ಲಿ ಅವಳು ನಗುತ್ತಿದ್ದರೆ ಕಟ್ಟಕಡೆಯ ಸಾಲಿನ ಗಂಡಸರೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಅವಳಿಗೂ ನಮಗೂ ನಂಟು ಬೆಳೆದು ‘ಕೂಡುಶಾಲೆ’ಯ ಯೋಚನೆ ಹುಟ್ಟಿತು. ಕಂಪನಿ ನಮ್ಮ ಆವರಣದಲ್ಲೇ ಡೇರೆ ಹಾಕುವುದು, ಕಲಾವಿದರು ಮೇಷ್ಟ್ರಾಗುವುದು, ನಮ್ಮ ಹುಡುಗ ಹುಡುಗಿಯರು ಅವರ ರಂಗದ ಮೇಲೇ ಪರೀಕ್ಷೆ ಕೊಡುವುದು. ಚಂಪವ್ವ ಪಾಠಕ್ಕೆಂದು ದನಿಮನೆಯಲ್ಲಿ ಕೂತು ತನ್ನ ಪಾತ್ರಗಳನ್ನೆಲ್ಲ ಆಡಿಕೊಟ್ಟಳು. ಅದು ಮುಗಿಯುವಷ್ಟರಲ್ಲಿ ಅವಳ ಗಂಟಲಲ್ಲಿ ಗಡ್ಡೆ ಕಾಣಿಸಿತು. ಜೀವ ಉಳಿಸಲು ವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆದರು.

ಒಪ್ಪಂದದ ಸಭೆ ಸೇರಿದ್ದು ಅದಾದ ಮೇಲೆ. ನಮ್ಮಲ್ಲಿ ಒಪ್ಪಂದಗಳು ಬಾಯಿಂದಲೇ ಆಗಬೇಕು. ಸಹಿಯನ್ನೂ ಹೆಬ್ಬೆಟ್ಟನ್ನೂ ಯಂತ್ರಗಳು ನಕಲು ಮಾಡತೊಡಗಿದ ಮೇಲೆ ಬಂದ ಕಟ್ಟಳೆ ಇದು. ಸಭೆಯ ಎದುರು ನಿಂತು ‘ಒಪ್ಪಿದೆ’ ಎನ್ನಬೇಕು. ಇದಕ್ಕೆ ಎದುರೊಪ್ಪಿಗೆ ಎಂದು ಹೆಸರು. ಮಾತು ಕಳೆದುಕೊಂಡವರಿಗೆ ಮಾತ್ರ ಒಂದು ವಿನಾಯಿತಿ: ಅವರ ಪರವಾಗಿ ಅವರ ಮರುದನಿ ಹೇಳಬಹುದು. ಅದನ್ನು ನುಡಿಸುವ ಅಧಿಕಾರ ದನಿಮನೆಯ ಮುಖ್ಯಸ್ಥರದು. ಕನಿಕರದಿಂದ ಮಾಡಿದ ಕಾನೂನು.

ಮೇಜಿನ ಒಂದು ಕಡೆ ನಮ್ಮ ಕುಲಪತಿ ಹೊಳೆಣ್ಣವರ ಸಾಹೇಬರು, ಇನ್ನೊಂದು ಕಡೆ ಚಂಪವ್ವ ಮತ್ತು ಕಂಪನಿಯ ಮ್ಯಾನೇಜರನಾಗಿದ್ದ ಅವಳ ಅಕ್ಕನ ಮಗ ಯಮನೂರಪ್ಪ. ನಡುವೆ, ಪರದೆಯ ಆಟಗಳನ್ನು ತಯಾರಿಸುವ ತರಂಗಕೋಟೆ ಸ್ಟುಡಿಯೋದ ವಿಭವ್ ಸಾಲಿಗ್ರಾಮ. ಶಾಲೆಗೆ ಕಟ್ಟಡ, ಯಂತ್ರ ಎಲ್ಲ ಕೊಡುವವರು ಅವರೇ. ಕರಾರನ್ನು ಗಟ್ಟಿಯಾಗಿ ಓದುತ್ತಿದ್ದಾಗ, ನಾವು ಸೇರಿ ತಯಾರಿಸಿದ ಕರಡಿನಲ್ಲಿ ಇಲ್ಲದ ಒಂದು ವಾಕ್ಯ ಕೇಳಿತು: ಕೂಡುಶಾಲೆಗಾಗಿ ಕೊಟ್ಟ ಮರುದನಿಗಳನ್ನು ಪಾಲುದಾರರೆಲ್ಲರೂ ತಮಗೆ ಬೇಕಾದ ಕೃತಿಗಳಲ್ಲಿ ಬಳಸಬಹುದು.

ಚಂಪವ್ವ ಅಂಗೈಯಿಂದ ಮೇಜು ಬಡಿದಳು.

“ಅದು ಬರೀ ರೂಢಿಯ ಮಾತು, ಅಮ್ಮಾ,” ಎಂದರು ವಿಭವ್. “ಎಲ್ಲ ಕರಾರಿನಲ್ಲೂ ಇರುತ್ತದೆ. ನಿಮ್ಮ ದನಿ ಇನ್ನು ನೂರಾರು ವರ್ಷ ಉಳಿಯುತ್ತದೆ.”

ಅವಳು ಒಲ್ಲೆನೆಂದು ತಲೆಯಾಡಿಸಿದಳು. ಯಮನೂರಪ್ಪ ಅವಳ ಕಿವಿಯ ಹತ್ತಿರ ಬಾಗಿದ. “ಚಿಗವ್ವ, ಸುಮ್ನ ಒಪ್ಕೋ. ಇದು ಮುರೀತಂದ್ರ ಬರೂ ಹಂಗಾಮಿಗೆ ಡೇರೆ ಏಳಂಗಿಲ್ಲ. ಆ ಮಂದಿ ಹೊಟ್ಟಿ ನೋಡು.”

ಆ ಮಂದಿ ಹಿಂದೆಯೇ ಕೂತಿದ್ದರು. ಕಂಪನಿಯ ಬಣ್ಣದವರು, ಹಾರ್ಮೋನಿಯಂ ಪೇಟಿಯವರು, ಎದೆಗೆ ಮಗು ಹಿಡಿದ ನಟಿಯರು. ಚಂಪವ್ವ ಒಮ್ಮೆ ಅವರತ್ತ ತಿರುಗಿ ನೋಡಿ, ಮತ್ತೆ ಮೇಜಿನ ಮೇಲೆ ಕಣ್ಣು ನೆಟ್ಟಳು. ಆ ಗಳಿಗೆಯಲ್ಲಿ ಅವಳು ಸೋತಳೆಂದೇ ನನಗನ್ನಿಸಿತು.

ಕುಲಪತಿಗಳು ನನ್ನತ್ತ ತಿರುಗಿದರು. “ಶಾಹೀನ್, ಮರುದನಿ ತಯಾರೈತಲ್ಲ? ಅವರ ಪರವಾಗಿ ‘ಒಪ್ಪಿದೆ’ ಅಂತ ನುಡಿಸ್ರಿ. ಎಲ್ಲಾರಿಗೂ ಒಳ್ಳೇದಾಗ್ತದ.”

ಮರುದನಿಯನ್ನು ನುಡಿಸುವ ನುಡಿಹಲಗೆ ನನ್ನ ಮುಂದಿತ್ತು. ಬೆರಳಿಟ್ಟರೆ ಸಾಕು, ಚಂಪವ್ವನ ಗಂಟಲು ಅವಳ ಎದುರಿಗೇ ಅವಳ ಮನಸ್ಸಿಲ್ಲದ ಮಾತನ್ನು ಆಡುತ್ತಿತ್ತು. ಕೂಡುಶಾಲೆ ನನ್ನ ಕನಸೂ ಆಗಿತ್ತು; ಅದು ಮುರಿದುಬಿದ್ದರೆ ಇನ್ನೊಮ್ಮೆ ಕಟ್ಟುವ ಹುಮ್ಮಸ್ಸು ನನ್ನಲ್ಲಿ ಇರಲಿಲ್ಲ.

“ಅವರನ್ನ ಕೇಳದ ನಾ ನುಡಸಂಗಿಲ್ರಿ ಸರ್,” ಎಂದೆ. ಎದ್ದುಹೋಗಿ ಅವಳೆದುರು ನಿಂತೆ. “ಚಂಪಕ್ಕ, ನೀವ ಹೇಳ್ರಿ. ನುಡಿಸ್ಲೇನು?”

ಚಂಪವ್ವ ಎದ್ದಳು. ಸೆರಗು ಬಿಗಿದು ಮೇಜಿನ ಮುಂದಿನ ಖಾಲಿ ಜಾಗಕ್ಕೆ ಬಂದು ನಿಂತಳು. ಕತ್ತು ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು, ರಾಣಿಯ ಆ ನಗುವನ್ನು ನಕ್ಕಳು. ಸದ್ದೇ ಇಲ್ಲ. ವೈದ್ಯರು ಉಸಿರಿಗೆಂದು ಮಾಡಿದ್ದ ಗಂಟಲಿನ ತೂತಿನಿಂದ ಗಾಳಿ ಸುಯ್ಯೆಂದದ್ದಷ್ಟೇ. ಭುಜ ಕುಲುಕಿದವು, ಕಣ್ಣಲ್ಲಿ ನೀರು ಬಂತು, ನಗು ಏರುತ್ತಲೇ ಹೋಯಿತು. ಹಿಂದೆ ಯಾರೋ ಬಿಕ್ಕಿದರು. ನಗು ಮುಗಿಸಿ ಅವಳು ವಿಭವ್‌ರತ್ತ ಕೈ ಚಾಚಿ, ಅಂಗೈಯನ್ನು ನಿಧಾನವಾಗಿ ಮುಚ್ಚಿ ಎದೆಗೊತ್ತಿಕೊಂಡಳು. ಕೊಡುವುದಿಲ್ಲ ಎಂಬುದು ಅಲ್ಲಿದ್ದ ಯಾರಿಗೂ ತಿಳಿಯದೆ ಉಳಿಯಲಿಲ್ಲ.

ಮೊದಲು ಮಾತಾಡಿದವನು ಯಮನೂರಪ್ಪ. “ನಮ್ಮ ಚಿಗವ್ವ ಒಲ್ಲೆ ಅಂದ್ಳು. ಎಲ್ಲಾರೂ ನೋಡೀರಿ.”

ಹಿಂದಿನ ಸಾಲುಗಳಿಂದ ಒಬ್ಬೊಬ್ಬರಾಗಿ ಎದ್ದು ನಿಂತು “ನೋಡೀವಿ” ಎಂದರು. ವಿಭವ್ ಸಭೆಯಿಂದ ಹೊರಟೇಹೋದರು. ಅವರ ಜೊತೆ ಕಟ್ಟಡವೂ ಯಂತ್ರಗಳೂ ಹೋದವು. ಕುಲಪತಿಗಳು ನನ್ನೊಡನೆ ಮಾತು ಬಿಟ್ಟರು. ನಾಲ್ಕಾರು ಕುಟುಂಬಗಳು ಕಂಪನಿ ತೊರೆದು ಬೇರೆ ಕೆಲಸ ಹುಡುಕಿಕೊಂಡವು. ಹೊರಡುವಾಗ ಪೇಟಿಯವರೊಬ್ಬರು ಚಂಪವ್ವನ ಕಾಲು ಮುಟ್ಟಿದರು. ಇನ್ನೊಬ್ಬರು ಅವಳ ಮುಖವನ್ನೇ ನೋಡಲಿಲ್ಲ. ಉಳಿದವರು ವಿಶ್ವವಿದ್ಯಾಲಯದ ಗೇಟಿನ ಹೊರಗೆ ಡೇರೆ ಹಾಕಿದರು.

ವಿದ್ಯಾರ್ಥಿಗಳು ತಾವಾಗಿಯೇ ಅಲ್ಲಿಗೆ ಹೋಗತೊಡಗಿದರು. ಮೊದಲು ನಾಟಕ ನೋಡಲು, ಆಮೇಲೆ ಪರದೆ ಎಳೆಯಲು, ರೊಟ್ಟಿ ಬಡಿಯಲು, ಪಾತ್ರ ಕಲಿಯಲು. ಇತಿಹಾಸದವರು, ಕಾನೂನಿನವರು, ನೇಯ್ಗೆ ವಿಭಾಗದವರು ತಮ್ಮ ತರಗತಿಗಳನ್ನೇ ಡೇರೆಗೆ ಕರೆದೊಯ್ದರು. ಒಂದು ಸಂಜೆ ಕುಲಪತಿಗಳೂ ಬಂದು ಹಿಂದಿನ ಸಾಲಿನಲ್ಲಿ ಕೂತರು. ಆಟ ಮುಗಿದ ಮೇಲೆ ಚಂಪವ್ವನ ಹತ್ತಿರ ಬಂದು, “ಆ ವಾಕ್ಯ ತಗದು ಮತ್ತೊಮ್ಮೆ ಕೂಡೋಣೇನ್ರಿ?” ಎಂದು ಕೇಳಿದರು. ಅವಳು ಅವರಿಗೆ ಕುರ್ಚಿ ಎಳೆದುಕೊಟ್ಟಳು. ಕಾನೂನಿನ ಹುಡುಗರ ಹಟದಿಂದ ಕೈಸನ್ನೆಯ ಎದುರೊಪ್ಪಿಗೆಯೂ ಆಮೇಲೆ ಕಟ್ಟಳೆಗೆ ಸೇರಿತು.

ಕಟ್ಟಡವಿಲ್ಲದ ಕೂಡುಶಾಲೆ ಹೀಗೆ ಶುರುವಾಯಿತು. ಚಂಪವ್ವ ಕೈ, ಕಣ್ಣು, ಉಸಿರಿನಿಂದಲೇ ಕಲಿಸಿದಳು. ತೀರಿಕೊಳ್ಳುವ ಹಿಂದಿನ ವರ್ಷ ಅವಳು ದನಿಮನೆಗೆ ಬಂದು ತನ್ನ ಮರುದನಿಯನ್ನು ತೋರಿಸಿ, ಅಳಿಸು ಎಂದು ಸನ್ನೆ ಮಾಡಿದಳು. “ಒಮ್ಮೆ ಕೇಳ್ತೀರೇನು?” ಎಂದೆ. ಹೂಂಗುಟ್ಟುವಂತೆ ತಲೆಯಾಡಿಸಿದಳು. ರಾಣಿಯ ನಗುವನ್ನು ಹಾಕಿದೆ. ಬೇರೆ ಯಾವುದೋ ನಟಿಯದನ್ನು ಕೇಳುವಂತೆ ಕೇಳಿ, ಶಿಷ್ಯರಿಗೆ ‘ಸ್ವಲ್ಪ ಜಾಸ್ತಿ ಆಯ್ತು’ ಎನ್ನುವಾಗ ಮಾಡುವ ಹಾಗೆ ಬೆರಳಾಡಿಸಿದಳು. ನಾನು ಅಳಿಸಿದೆ. ಅಳಿಸಬಾರದಿತ್ತು ಎಂದು ನನ್ನ ವಿದ್ಯಾರ್ಥಿಗಳು ಈಗಲೂ ಜಗಳವಾಡುತ್ತಾರೆ. ಆ ನಗು ಹೇಗಿತ್ತೆಂದು ಅವರಿಗೆ ತೋರಿಸಲು ನನ್ನ ಬಳಿ ಏನೂ ಇಲ್ಲ.

ಹಿರಿಯರೇ, ಕರಾರು ಬರೆಯುವ ಮೇಜಿಗೆ ಹಾಡುವವರನ್ನೂ ಕುಣಿಯುವವರನ್ನೂ ಮೊದಲ ದಿನವೇ ಕರೆದು ಕೂರಿಸಿ. ಫೋಟೋ ತೆಗೆಸಿಕೊಳ್ಳುವ ಹೊತ್ತಿಗೆ ಮಾತ್ರ ಕರೆಯಬೇಡಿ. ನಿಮ್ಮ ಊರಿನಲ್ಲಿ ಈ ಸಂಜೆಯೂ ಯಾರೋ ಒಬ್ಬಳು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿರಬಹುದು. ನಿಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ. ಅವಳು ಬಾಯಿ ತೆರೆಯುವ ಮೊದಲು ಹೋಗಿ ಕೂತಿರಿ.