ಗಿರಗಿಟ್ಲೆಯ ಹಲ್ಲು

ಅಪ್ಪಾಜಿ,

ಇದನ್ನು ನೀವು ಎಲ್ಲಿ ಕೂತು ಓದುತ್ತೀರೋ ಗೊತ್ತಿಲ್ಲ. ಅಲ್ಲೂ ಒಂದು ಗರಡಿಮನೆ ಹುಡುಕಿಕೊಂಡು ಯಾರಿಗೋ ಬಸ್ಕಿ ಹೊಡೆಸುತ್ತಿರುತ್ತೀರಿ, ಅದು ಮಾತ್ರ ಗೊತ್ತು. ಅವರನ್ನು ಸ್ವಲ್ಪ ಹೊತ್ತು ಬಿಡಿ, ಪಾಪ. ಒಂದು ಸುದ್ದಿ ಇದೆ. ಆದರೆ ಅದಕ್ಕೆ ಮುಂಚೆ ಗಿರಗಿಟ್ಲೆಯ ಕಥೆಯನ್ನು ಮೊದಲಿಂದ ಹೇಳಬೇಕು. ನಿಮ್ಮ ಹಳೆಯ ಕುಸ್ತಿಗಳ ಕಥೆಯನ್ನು ನಾನು ಎಷ್ಟು ಸಲ ಕೇಳಿಲ್ಲ? ಒಂದು ಸಲ ನನ್ನದನ್ನೂ ಕೇಳಿ.

ನೀವು ಬೆಳಗಿನ ತಾಲೀಮು ಮುಗಿಸಿ ಹಿತ್ತಲಿಗೆ ಬಂದಾಗ ನಾನು ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ತೊಂಬತ್ತೆಂಟನೇ ಇಸವಿ, ನನ್ನ ಇಂಜಿನಿಯರಿಂಗಿನ ಕೊನೆಯ ವರ್ಷ. ವಿದ್ಯಾನಗರದ ಗೆಳತಿಯ ಮನೆಯ ಕೇಬಲ್ ಟೀವಿಯಲ್ಲಿ ಯಂತ್ರಗಳು ಒಂದನ್ನೊಂದು ಕೆಡವಿ ಹಾಕುವುದನ್ನು ನೋಡಿ ಹುಚ್ಚು ಹಿಡಿದಿತ್ತು. ಗಾಲಿಗಳಿಗೆ ಲಾರಿಯ ವೈಪರ್ ಮೋಟಾರು, ಮುಂದೆ ಗರಗರ ತಿರುಗಲು ಲಾರಿಯದೇ ಸ್ಪ್ರಿಂಗ್ ಪಟ್ಟಿಯಿಂದ ಕತ್ತರಿಸಿದ ಬ್ಲೇಡು, ಬ್ಲೇಡಿನ ಎರಡೂ ತುದಿಗೆ ವೆಲ್ಡಿಂಗ್ ಹಾಕಿದ ಉಕ್ಕಿನ ಹಲ್ಲು. ಬ್ಯಾಟರಿ ಹೊರಗೆ, ಸ್ವಿಚ್ಚು ನನ್ನ ಕೈಯಲ್ಲಿ, ನಡುವೆ ಉದ್ದನೆಯ ವೈರು.

"ಏನವ್ವ ಇದು ಗಿರಗಿಟ್ಲೆ?" ಅಂದಿರಿ.

"ರೋಬೋ, ಅಪ್ಪಾಜಿ. ಜಗಳ ಆಡ್ತೈತೆ."

"ಜೋಡಿ ಯಾರು?"

"ಹರಿಹರದೋರು. ಪಾಲಿಟೆಕ್ನಿಕ್ ಹುಡುಗ್ರು ಇನ್ನೊಂದು ಮಾಡ್ಯಾರ."

ಹರಿಹರ ಎಂದಿದ್ದೇ ತಡ, ನೀವು ಟವೆಲು ಹೆಗಲಿಗೆ ಹಾಕಿಕೊಂಡು ನನ್ನ ಪಕ್ಕ ಕೂತುಬಿಟ್ಟಿರಿ. ಹರಿಹರದ ಪೈಲ್ವಾನನೊಬ್ಬ ನಿಮ್ಮನ್ನು ಒಮ್ಮೆ ಚಿತ್ ಮಾಡಿದ್ದನಂತಲ್ಲ. ನೀವು ಹೇಳಿದ್ದಲ್ಲ ಬಿಡಿ, ಅವ್ವ ಹೇಳಿದ್ದು.

ತಿರುಗುವ ಬ್ಲೇಡು ಎಂದ ಕೂಡಲೇ ಕಾಲೇಜಿನವರು ಕೈ ಆಡಿಸಿಬಿಟ್ಟರು. ಸಭಾಂಗಣದಲ್ಲಿ ಯಾರಿಗಾದರೂ ತಗುಲಿದರೆ? ಅವರದೂ ತಪ್ಪಲ್ಲ. ಎದೆಯಾಳದ ತಗ್ಗು, ದಪ್ಪ ಮಣ್ಣಿನ ಗೋಡೆ, ಒಂದೇ ಸಣ್ಣ ಬಾಗಿಲು ಇರುವ ಜಾಗ ಬೇಕಿತ್ತು, ಮತ್ತು ಅಂಥ ಜಾಗ ನಮ್ಮ ಆನೆಕೊಂಡದಲ್ಲಿ ಒಂದೇ ಇತ್ತು, ನಿಮ್ಮ ಗರಡಿ. ಕೇಳುವುದು ಹೇಗೆ? ಅರಿಶಿನ, ಎಣ್ಣೆ, ಮಜ್ಜಿಗೆ ಹಾಕಿ ನೀವು ಹದ ಮಾಡುವ ಮಣ್ಣು ಅದು. ಸ್ನಾನ ಮಾಡದೆ ಯಾರೂ ಇಳಿಯುವಂತಿಲ್ಲ. ಹೆಣ್ಣುಮಕ್ಕಳಂತೂ ಹೊಸ್ತಿಲನ್ನೇ ದಾಟುವಂತಿಲ್ಲ; ಗರಡಿಯ ಉಸ್ತಾದರ ಮಗಳಾಗಿಯೂ ನಾನು ಒಳಗನ್ನು ಕಂಡದ್ದು ಕಿಟಕಿಯಿಂದ ಮಾತ್ರ. ಊಟಕ್ಕೆ ಕೂತಾಗ ಸುಮ್ಮನೆ ಅವ್ವನಿಗೆ ಹೇಳುವವಳಂತೆ ಹೇಳಿದೆ. ನೀವು ರೊಟ್ಟಿ ಮುರಿಯುತ್ತಲೇ ಇದ್ದಿರಿ. ಕೈ ತೊಳೆದು ಬಂದು, "ಭಾನುವಾರ ಬರ್ರಿ ಅಂತ ಹರಿಹರದೋರಿಗೆ ಹೇಳು" ಅಂದಿರಿ. ಅವತ್ತು ನನಗೆ ಎಷ್ಟು ಖುಷಿಯಾಗಿತ್ತು ಅಂದರೆ...

ಆ ಭಾನುವಾರದ ನಿಮ್ಮ ಠೀವಿ ನೆನೆದರೆ ಈಗಲೂ ನಗು ಬರುತ್ತದೆ. ಗಾಲಿ ಹೂತುಹೋಗದಂತೆ ಮಣ್ಣನ್ನು ದಿಮ್ಮಸಿನಿಂದ ಬಡಿದು ಗಟ್ಟಿ ಮಾಡಿಸಿದ್ದಿರಿ. ಎರಡೂ ಯಂತ್ರಕ್ಕೆ ಮಣ್ಣು ಮುಟ್ಟಿಸಿ ಸಲಾಮಿ ಮಾಡಿಸಿದಿರಿ. ಕಿಟಕಿಗಳಿಗೆ ಜಾಲರಿ ಹೊಡೆದು ನಾವೆಲ್ಲ ಹೊರಗೆ ನಿಂತೆವು. ವೈರು ಬ್ಲೇಡಿಗೆ ಸಿಕ್ಕಿಕೊಳ್ಳದಂತೆ ಒಬ್ಬರು ಒಳಗೇ ನಿಂತು ಅದನ್ನು ಗಳುವಿನಿಂದ ಎತ್ತಿ ಹಿಡಿಯಬೇಕಿತ್ತು. ಹರಿಹರದವರ ವೈರನ್ನು ನಿಮ್ಮ ಹಿರಿಯ ಶಿಷ್ಯ ರುದ್ರೇಶಣ್ಣ ಹಿಡಿದ. ನನ್ನದನ್ನು ಯಾರು ಹಿಡಿಯಬೇಕೆಂದು ನಾನು ಯೋಚಿಸುವಷ್ಟರಲ್ಲಿ ನೀವೇ ರುಮಾಲು ಬಿಗಿದು, ಮೆಟ್ಟಿಲ ಮೇಲಿನ ಕಂಬಕ್ಕೆ ಒತ್ತಿಕೊಂಡು ನಿಂತಿದ್ದಿರಿ. "ಅವಸರ ಬ್ಯಾಡ ಸುಮಾ. ಅದು ಪೂರ್ತಿ ಜೋರು ತಗೊಳ್ಳಲಿ. ಆಮ್ಯಾಲೆ ಬಿಡು."

ಹರಿಹರದವರದು ಮೊರದಂತೆ ಚಪ್ಪಟೆ, ನೆಲಕ್ಕೆ ಅಂಟಿಕೊಂಡೇ ನುಗ್ಗುತ್ತಿತ್ತು. ಎರಡು ಸಲ ನನ್ನದನ್ನು ಗೋಡೆಗೆ ಒತ್ತಿತು. ಮೂರನೆಯ ಸಲ ನಾನು ಹಿಂದೆ ಸರಿದು, ನೀವು ಹೇಳಿದಂತೆ ಕಾದು, ಬ್ಲೇಡಿನ ಸದ್ದು ಕೀರಲಾದ ಮೇಲೆ ಬಿಟ್ಟೆ. ಕಿಡಿ ಹಾರಿತು. ಮೊರ ಮಗುಚಿ ಬೆನ್ನ ಮೇಲೆ ಬಿತ್ತು. ನೀವು ಗಳು ಎಸೆದು, ಎರಡೂ ಕೈ ಮೇಲೆತ್ತಿ, "ಚಿತ್, ಹರಿಹರ ಚಿತ್" ಎಂದು ಕುಣಿದಿರಿ. ಆ ಹುಡುಗರೂ ನಗುತ್ತಿದ್ದರು. ನಾನು ಸ್ವಿಚ್ಚು ಆರಿಸಿದೆ, ಬ್ಲೇಡು ನಿಂತಿತು. ಒಂದು ತುದಿಯಲ್ಲಿ ಹಲ್ಲು ಇರಲಿಲ್ಲ.

ನಿಮ್ಮ ಮುಖ ಬದಲಾದದ್ದನ್ನು ನಾನು ಕಿಟಕಿಯಿಂದಲೇ ಕಂಡೆ. "ಯಾರೂ ಒಳಗ ಇಳೀಬ್ಯಾಡ್ರಿ" ಅಂದಿರಿ, ಮೆಲ್ಲಗೆ. ಬರಿಮೈಯಲ್ಲಿ ಹುಡುಗರು ಹೊರಳಾಡುವ ಮಣ್ಣು. ಅದರೊಳಗೆ ಚೂಪು ಉಕ್ಕಿನ ತುಂಡು. ಯಾರ ಬೆನ್ನಿಗೆ, ಯಾರ ಕಣ್ಣಿಗೆ? ಮಣ್ಣಿಗೆ ಬಿದ್ದ ಸದ್ದನ್ನು ಕಿವಿಯಾರೆ ಕೇಳಿದ್ದೇನೆ ಎಂದು ನೀವು ಹೇಳಿದಿರಿ. ನಿಮ್ಮ ಮಾತಿನ ಮೇಲೆ ಇನ್ನೊಂದು ಮಾತು ಯಾರು ಆಡುತ್ತಿದ್ದರು?

ಮಾರನೆಯ ದಿನ ಮಂಡಕ್ಕಿ ಭಟ್ಟಿಯಿಂದ ಮರಳು ಜರಡಿ ಹಿಡಿಯುವ ದೊಡ್ಡ ಜರಡಿಗಳು ಬಂದವು. ನಾನು ಹಳೆಯ ಸ್ಪೀಕರ್ ಒಡೆದು ಅಯಸ್ಕಾಂತ ತೆಗೆದುಕೊಂಡು ಬಾಗಿಲಲ್ಲಿ ನಿಂತೆ. ಹೇಗೆ ಹಿಡಿಯಬೇಕೆಂದು ಹೊರಗಿನಿಂದಲೇ ಹೇಳಿಕೊಡುತ್ತಿದ್ದೆ. ನೀವು ನೋಡಿ ನೋಡಿ ಸಾಕಾಗಿ, "ಚಪ್ಪಲಿ ಬಿಟ್ಟು ಒಳಗ ಬಾ" ಅಂದಿರಿ. ಹಿರಿಯರೊಬ್ಬರು, "ಉಸ್ತಾದ್, ಹೆಣ್ಮಗಳು..." ಎಂದು ರಾಗ ಎಳೆದರು. "ಹನುಮಪ್ಪಗ ನಾ ಹೇಳ್ಕೊಂತೀನಿ. ನೀವು ಜರಡಿ ಹಿಡೀರಿ" ಅಂದಿರಿ. ಅಷ್ಟೇ. ನಾನು ಇಳಿದೆ. ಮಣ್ಣು ತಣ್ಣಗಿತ್ತು, ಅರಿಶಿನದ ವಾಸನೆ ಇತ್ತು. ಗೆದ್ದಾಗ ಸಿಗದ ಜಾಗ ಹಲ್ಲು ಕಳೆದಾಗ ಸಿಕ್ಕಿತ್ತು, ಆದರೆ ಹಿಗ್ಗುವ ಹೊತ್ತು ಅದಲ್ಲ.

ಹರಿಹರದವರ ಯಂತ್ರದ ಒಂದು ಬೋಲ್ಟು ಸಿಕ್ಕಿತು, ಯಾವ ಕಾಲದ್ದೋ ಮೊಳೆಗಳು ಸಿಕ್ಕವು. ಹಲ್ಲು ಸಿಗಲಿಲ್ಲ. "ಅಯಸ್ಕಾಂತಕ್ಕೂ ಹತ್ತಿಲ್ಲ ಅಂದ್ರೆ ಇಲ್ಲಿಲ್ಲ ಅಪ್ಪಾಜಿ" ಎಂದೆ. "ಸಿಗಲಿಲ್ಲ ಅಂದ್ರೆ ಇಲ್ಲ ಅಂತಲ್ಲ" ಅಂದಿರಿ. ಇದೆಲ್ಲ ಚೆಲ್ಲಿ ಕೊಂಡಜ್ಜಿ ಕಡೆಯಿಂದ ಹೊಸ ಮಣ್ಣು ತರೋಣ ಎಂದರು ಕೆಲವರು. ನಿಮ್ಮ ಉಸ್ತಾದರು ಬೆವರು ಸುರಿಸಿದ ಮಣ್ಣನ್ನು ನೀವು ಚೆಲ್ಲುತ್ತೀರಾ? ಲಂಗೋಟಿ ಬಿಗಿದು ಒಬ್ಬರೇ ಇಳಿದಿರಿ. ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ, ಬರಿಮೈಯಲ್ಲಿ ಉರುಳಿದಿರಿ. ಎದ್ದು ಮೈ ನೋಡಿಕೊಂಡು, "ಈಗ ಇಳೀರಿ" ಎಂದು ಹುಡುಗರಿಗೆ ಹೇಳಿದಿರಿ.

ಒಂದು ದಿನದ ಮಾತೆಂದುಕೊಂಡಿದ್ದೆ. ದಿನಾ ಬೆಳಿಗ್ಗೆ ಮಣ್ಣು ಅಗೆದ ಮೇಲೆ ಅದೇ ನಡೆಯಿತು. ನನ್ನ ಮದುವೆಯಾಯಿತು, ಹರಿಹರದಲ್ಲಿ ಕೆಲಸ ಸಿಕ್ಕಿತು, ನಿಮಗೆ ಮಂಡಿನೋವು ಬಂತು. ಆದರೂ ಮೊದಲು ನೀವು ಉರುಳಬೇಕು, ಆಮೇಲೆ ಹುಡುಗರು ಇಳಿಯಬೇಕು. ಅಷ್ಟು ವರ್ಷಗಳಲ್ಲಿ ಒಮ್ಮೆಯಾದರೂ "ನಿನ್ನ ಗಿರಗಿಟ್ಲೆಯಿಂದ ಹಿಂಗಾತು" ಅಂದಿರಾ? ಬದಲಿಗೆ ಮನೆಗೆ ಬಂದವರಿಗೆಲ್ಲ ಹರಿಹರ ಚಿತ್ ಆದ ಕಥೆ ಹೇಳುತ್ತಿದ್ದಿರಿ. ಅಪ್ಪಾಜಿ, ನಿಮ್ಮಂಥ ಪೈಲ್ವಾನರನ್ನು ಬೇರೆ ಊರುಗಳಲ್ಲೂ ಕಂಡಿದ್ದೇನೆ. ನಿಮ್ಮಂಥ ಅಪ್ಪನನ್ನು ಕಂಡಿಲ್ಲ.

ಈಗ ಸುದ್ದಿ. ಗರಡಿಯ ತೊಲೆಗೆ ಗೆದ್ದಲು ಹಿಡಿದಿತ್ತು, ಹೋದ ವಾರ ಬಡಿಗರು ಬಂದು ಇಳಿಸಿದರು. ಗರಗಸ ಕರಕರ ಎಂದಿತಂತೆ. ಮಸಿ ಕೆರೆದು ನೋಡಿದರೆ ನನ್ನ ಹಲ್ಲು, ವೆಲ್ಡಿಂಗಿನ ಗುರುತಿನ ಸಮೇತ. ತೊಲೆಯ ಯಾವ ಭಾಗ ಗೊತ್ತೇ? ನೀವು ನಿಂತಿದ್ದ ಕಂಬದ ನೆತ್ತಿ. ನಿಮ್ಮ ರುಮಾಲಿಗೂ ಅದಕ್ಕೂ ನಡುವೆ ಒಂದು ಗೇಣು ಇದ್ದಿದ್ದರೆ ಹೆಚ್ಚು. ನೀವು ಕೇಳಿದ ಸದ್ದು ಆ ಬೋಲ್ಟಿನದಿರಬೇಕು. ನಿಮ್ಮ ಮಣ್ಣಿನಲ್ಲಿ ಏನೂ ಇರಲಿಲ್ಲ, ಅಪ್ಪಾಜಿ. ಯಾವತ್ತೂ ಇರಲಿಲ್ಲ.

ನೀವು ಹೋದ ಮೇಲೆ ರುದ್ರೇಶಣ್ಣನೇ ಉಸ್ತಾದ್. ದಿನಾ ಮೊದಲು ಉರುಳುವವನೂ ಅವನೇ. ಅವನ ಕೈಗೆ ಹಲ್ಲು ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದ, ಕಣ್ಣು ಒರೆಸಿಕೊಂಡ, "ಹನುಮಪ್ಪನ ಗೂಡಿನಾಗ ಇಟ್ಟು ಬಾ ತಂಗಿ" ಎಂದ. ಚಪ್ಪಲಿ ಬಿಟ್ಟು ಹೋಗಿ ಇಟ್ಟು ಬಂದೆ.

ಇವತ್ತು ಬೆಳಿಗ್ಗೆ ಮತ್ತೆ ಹೋಗಿದ್ದೆ. ಮಣ್ಣು ಅಗೆದಾಗಿತ್ತು, ಹುಡುಗರು ಮೇಲೆ ಸಾಲಾಗಿ ಕಾಯುತ್ತಿದ್ದರು. ರುದ್ರೇಶಣ್ಣ ಲಂಗೋಟಿ ಬಿಗಿದು ಇಳಿದ. ಈ ಗೋಡೆಯಿಂದ ಆ ಗೋಡೆಗೆ ಉರುಳಿದ.

"ಹಲ್ಲು ಸಿಕ್ಕೈತಲ್ಲ ಅಣ್ಣ, ಇನ್ನ್ಯಾಕ?" ಎಂದೆ.

ಎದ್ದು ಮೈ ನೋಡಿಕೊಂಡ. "ಸಿಕ್ಕಿದ್ದು ಒಂದು ತಂಗಿ. ಇನ್ನೇನೂ ಇಲ್ಲ ಅಂತ ಯಾರು ಹೇಳ್ಯಾರ?"

ಆಮೇಲೆ ಹುಡುಗರನ್ನು ಇಳಿಯಲು ಬಿಟ್ಟ.

ನಿಮ್ಮ
ಸುಮ