ಗೇಟಿನ ಪುಸ್ತಕ

ಗುರುಗಳಿಗೆ ನಮಸ್ಕಾರ.

ಆ ನಕ್ಷತ್ರ ಅಷ್ಟು ವಿಚಿತ್ರವಾಗಿ ಏಕೆ ಸಿಡಿಯಿತೆಂದು ನೀವು ಬರೆದ ಪ್ರಬಂಧ ಓದಿದೆ. ಸಿಡಿಯುವ ಎರಡು ವರ್ಷ ಮೊದಲೇ ಅದು ಅನಿಲ ಉಗುಳುತ್ತಿತ್ತು ಎಂಬುದಕ್ಕೆ ನಮ್ಮ ರೇಡಿಯೊ ದೂರದರ್ಶಕದ ಹಳೆಯ ಸಿಗ್ನಲ್ ಒಂದನ್ನು ಸಾಕ್ಷಿಯಾಗಿ ಕೊಟ್ಟಿದ್ದೀರಿ. ಅದನ್ನು ಹಿಡಿದವರು ನೀವೇ ಎಂದಿದೆ.

ಹಿಡಿದವಳು ನಾನು. ಅಂದು ಓಡಿಬಂದು ತೋರಿಸಿದರೆ ನೀವು, "ಬಿಡಮ್ಮ, ಅದು ನನ್ನ ಕಾರಿಂದು. ಈಗ್ತಾನೆ ತಂದು ನಿಲ್ಲಿಸ್ದೆ" ಎಂದಿರಿ. ಎಂಜಿನ್ ಕಿಡಿ ಹೊರಡಿಸುವ ರೇಡಿಯೊ ಅಲೆಯೂ ದೂರದರ್ಶಕದ ಕಿವಿಗೆ ಬೀಳುತ್ತದೆ, ನಿಜ. ಪೆಚ್ಚಾಗಿ ನಾನೇ ಲಾಗ್‌ಬುಕ್ಕಿನಲ್ಲಿ ಆ ಸಿಗ್ನಲ್ಲಿನ ಮುಂದೆ 'ವಾಹನ' ಎಂದು ಬರೆದು, ಸಿಗ್ನಲ್ಲಿಗೆ ಅಡ್ಡಗೆರೆ ಎಳೆದೆ. ಮರುವಾರವೇ ನೀವು ದೂರದರ್ಶಕವನ್ನು ಅದೇ ನಕ್ಷತ್ರದತ್ತ ತಿರುಗಿಸಿದ್ದು ಏಕೆಂದು ಆಗ ಕೇಳಲಿಲ್ಲ.

ಆ ಲಾಗ್‌ಬುಕ್ ಈಗ ಕಪಾಟಿನಲ್ಲಿಲ್ಲ, ಕೀಲಿ ನಿಮ್ಮ ಬಳಿಯಿದೆ. ದಯವಿಟ್ಟು ಹುಡುಕಿಸಿ ಕಳಿಸಿ.

ಸಿಗದಿದ್ದರೂ ಚಿಂತೆಯಿಲ್ಲ. ಒಳಗೆ ಬರುವ ಪ್ರತಿಯೊಬ್ಬರನ್ನೂ, ಅವರ ವಾಹನವನ್ನೂ ಗೇಟಿನಲ್ಲಿ ಬರೆದಿಡಬೇಕೆಂಬ ನಿಯಮ ಮಾಡಿದವರು ನೀವೇ. ಕಾವಲಿನ ಅಜ್ಜ ಹಳೆಯ ಪುಸ್ತಕಗಳನ್ನೆಲ್ಲ ಜೋಪಾನ ಮಾಡಿದ್ದಾರೆ. ಆ ದಿನದ ಪುಟದಲ್ಲಿ ನಿಮ್ಮ ಹೆಸರಿನ ಮುಂದೆ ಅವರ ದಪ್ಪ ಅಕ್ಷರದಲ್ಲಿ ಹೀಗಿದೆ: 'ಕಾರು ರಿಪೇರಿಗೆ. ನಡ್ಕೊಂಡು ಬಂದ್ರು.'

ಇಂತಿ,
ನೀವು "ಬಿಡಮ್ಮ" ಎಂದವಳು